ಜಿಆರ್‌ಇ, ಕ್ಯಾಟ್ ರೀಡಿಂಗ್ ಕಾಂಪ್ರಹೆನ್ಷನ್: ನಮ್ಮ ಕಡೆಯ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ಯಾವ ಓಣಿಗೆ ಹೋದರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳೇ ಕಾಣುತ್ತಾರೆ. ಹೆಚ್ಚಿನವರದು ಕೆಎಎಸ್, ಪಿಎಸ್‌ಐ, ಎಫ್‌ಡಿಎ ತಯಾರಿ. ಅವರ ನಡುವೆ ನಮ್ಮದೊಂದು ಸಣ್ಣ ಗುಂಪು ಇದೆ. ಹೊರದೇಶಕ್ಕೆ ಎಂಎಸ್ ಓದಲು ಹೋಗಬೇಕು ಅನ್ನುವವರು, ಐಐಎಂ ಸೇರಬೇಕು ಅನ್ನುವವರು ಸಂಜೆ ಬಂದು ಕೂರುತ್ತಾರೆ. ಮೊದಲಿನವರು ಬರೆಯುವುದು ಜಿಆರ್‌ಇ, ಎರಡನೆಯವರು ಬರೆಯುವುದು ಕ್ಯಾಟ್. ಗಣಿತಕ್ಕೆ ಇವರಿಗೆ ನನ್ನ ಸಹಾಯ ಅಷ್ಟಾಗಿ ಬೇಕಿಲ್ಲ. ಎಡವುವುದು ರೀಡಿಂಗ್ ಕಾಂಪ್ರಹೆನ್ಷನ್‌ನಲ್ಲಿ, ಅಂದರೆ ಇಂಗ್ಲಿಷ್ ಬರಹದ ಒಂದು ತುಣುಕು (ಪ್ಯಾಸೇಜ್) ಓದಿ ಅದರ ಮೇಲಿನ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ. ನಾವು ಅದನ್ನು ಆರ್‌ಸಿ ಅಂತೀವಿ. ಹುಬ್ಬಳ್ಳಿ, ಗದಗ, ಹಾವೇರಿಯಿಂದ ದಿನಾ ಬಂದು ಹೋಗಲು ಆಗದವರೂ ಓದಲಿ ಅಂತ ಅವರ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಯಾವ ಪರೀಕ್ಷೆಯಲ್ಲಿ ಆರ್‌ಸಿ ಎಷ್ಟಿರುತ್ತದೆ?

ಜಿಆರ್‌ಇ 2023ರ ಸೆಪ್ಟೆಂಬರ್‌ನಿಂದ ಚಿಕ್ಕದಾಗಿದೆ. ಇಡೀ ಪರೀಕ್ಷೆ ಎರಡು ಗಂಟೆಗೂ ಎರಡು ನಿಮಿಷ ಕಡಿಮೆ. ಅದರ ವರ್ಬಲ್ ಭಾಗ, ಅಂದರೆ ಇಂಗ್ಲಿಷ್ ಭಾಗ, ಎರಡು ತುಂಡಾಗಿ ಬರುತ್ತದೆ. ಮೊದಲನೆಯದರಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15 ಪ್ರಶ್ನೆ. ಒಟ್ಟು 27ರಲ್ಲಿ ಸುಮಾರು ಅರ್ಧ ಆರ್‌ಸಿ. ಹೆಚ್ಚಿನ ಪ್ಯಾಸೇಜ್‌ಗಳು ಒಂದೇ ಪ್ಯಾರಾದವು. ಮೊದಲ ತುಂಡನ್ನು ಹೇಗೆ ಮಾಡಿದಿರಿ ಅನ್ನುವುದರ ಮೇಲೆ ಎರಡನೆಯದು ಸುಲಭವೋ ಕಷ್ಟವೋ ಆಗುತ್ತದೆ.

ಕ್ಯಾಟ್‌ನ ಇಂಗ್ಲಿಷ್ ಭಾಗಕ್ಕೆ 40 ನಿಮಿಷ. 2024ರಲ್ಲಿ ಅದರಲ್ಲಿ 24 ಪ್ರಶ್ನೆ ಇದ್ದವು. ಈಚಿನ ವರ್ಷಗಳಲ್ಲಿ ನಾಲ್ಕು ಪ್ಯಾಸೇಜ್, ಒಂದೊಂದಕ್ಕೆ ನಾಲ್ಕರಂತೆ 16 ಆರ್‌ಸಿ ಪ್ರಶ್ನೆ ಬರುತ್ತಿವೆ. ಎಂಬಿಎಗೆ ಬರೆಯುವ ಇನ್ನೊಂದು ಪರೀಕ್ಷೆ ಜಿಮ್ಯಾಟ್‌ನ ವರ್ಬಲ್‌ನಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ. ಅಲ್ಲಿ ಆರ್‌ಸಿ ಜೊತೆ ತರ್ಕದ ಪ್ರಶ್ನೆಗಳೂ ಇರುತ್ತವೆ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ನನ್ನಿಂದ ಆಗುತ್ತಾ?

ಆಗುತ್ತದೆ. ನಾನೂ ರೋಣ ತಾಲ್ಲೂಕಿನ ಹಳ್ಳಿಯಲ್ಲಿ ಕನ್ನಡ ಶಾಲೆಯಲ್ಲೇ ಓದಿದವನು. ಮೊದಲ ಮಾಕ್ ಟೆಸ್ಟ್‌ನಲ್ಲಿ ಆರ್‌ಸಿಯ ಅರ್ಧದಷ್ಟೂ ಸರಿ ಬರಲಿಲ್ಲ. ಇಂಗ್ಲಿಷ್ ಬರದ್ದಕ್ಕೆ ಹೀಗಾಯಿತು ಅಂದುಕೊಂಡು ಒಂದು ವಾರ ಪುಸ್ತಕವನ್ನೇ ಮುಟ್ಟಲಿಲ್ಲ. ಆಮೇಲೆ ತಪ್ಪಾದ ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಒಂದು ಪ್ಯಾಸೇಜ್ ಮಣ್ಣು ಮತ್ತು ನೀರಾವರಿ ಬಗ್ಗೆ ಇತ್ತು. ಅದರ ಒಂದು ಪದವೂ ನನಗೆ ಹೊಸದಾಗಿರಲಿಲ್ಲ. ಆದರೂ ಮೂರಕ್ಕೆ ಮೂರು ತಪ್ಪು. ಯಾಕೆಂದರೆ ನಾನು ಪ್ಯಾಸೇಜ್ ನೋಡಿ ಉತ್ತರ ಕೊಟ್ಟಿರಲಿಲ್ಲ. ನಮ್ಮ ಎರಿ ಹೊಲ ನೆನಪಿಸಿಕೊಂಡು ಕೊಟ್ಟಿದ್ದೆ.

ನಿಮ್ಮ ತಪ್ಪುಗಳನ್ನೂ ಹೀಗೆ ತೆಗೆದು ನೋಡಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಬ್ಬಳ್ಳಿಯ ಮಕ್ಕಳೂ ನನ್ನ ಹತ್ತಿರ ಇದೇ ತಪ್ಪು ಮಾಡುತ್ತಾರೆ. ಇಂಗ್ಲಿಷ್‌ನಲ್ಲಿ ಓದುವ ರೂಢಿ ಕಡಿಮೆ ಇದ್ದರೆ ಎರಡು ಮೂರು ತಿಂಗಳು ಜಾಸ್ತಿ ಇಟ್ಟುಕೊಳ್ಳಿ, ಅಷ್ಟೇ. ಈ ಪರೀಕ್ಷೆಯಲ್ಲಿ ನಿಮ್ಮನ್ನು ಯಾರೂ ಇಂಗ್ಲಿಷ್ ಮಾತಾಡಿಸುವುದಿಲ್ಲ.

ಕೊನೆಗೆ ಎರಡು ಆಪ್ಷನ್ ಉಳಿಯುತ್ತವೆ, ಎರಡೂ ಸರಿ ಅನ್ನಿಸುತ್ತವೆ. ಆಗ ಏನು ಮಾಡಬೇಕು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಹಾಗಾಗಿ ಇದಕ್ಕೆ ಉದ್ದದ ಉತ್ತರವೇ ಬೇಕು. ನಾನು ತರಗತಿಯಲ್ಲಿ ಮೊದಲ ದಿನ ಕೊಡುವ ಪ್ಯಾಸೇಜ್ ಇಲ್ಲಿದೆ. ಕನ್ನಡದಲ್ಲೇ ಬರೆದಿದ್ದೇನೆ. ಭಾಷೆಯ ಭಯ ಬದಿಗಿರಲಿ, ಪ್ರಶ್ನೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಕಾಣಲಿ ಅಂತ.

"ಮೆಣಸಿನಕಾಯಿ ಎಷ್ಟು ಕೆಂಪಗಿದೆಯೋ ಅಷ್ಟು ಖಾರ ಎಂದು ಹಲವರು ನಂಬಿದ್ದಾರೆ. ಆದರೆ ಕೆಂಪು ಬಣ್ಣ ಕೊಡುವ ಅಂಶವೇ ಬೇರೆ, ಖಾರ ಕೊಡುವ ಅಂಶವೇ ಬೇರೆ. ಬಣ್ಣ ಬರುವುದು ಕ್ಯಾಪ್ಸಾಂಥಿನ್‌ನಂಥ ವರ್ಣದ್ರವ್ಯಗಳಿಂದ. ಖಾರ ಬರುವುದು ಕ್ಯಾಪ್ಸೈಸಿನ್‌ನಿಂದ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ಅದಕ್ಕೇ ಕೆಲವರು ಅಡುಗೆಯಲ್ಲಿ ಬಣ್ಣಕ್ಕೆ ಬ್ಯಾಡಗಿ ಹಾಕಿ, ಖಾರಕ್ಕೆ ಬೇರೆ ತಳಿಯನ್ನು ಸೇರಿಸುತ್ತಾರೆ. ಬಣ್ಣ ತೆಗೆಯುವ ಕಾರ್ಖಾನೆಗಳೂ ಬ್ಯಾಡಗಿಯನ್ನು ಕೊಳ್ಳುತ್ತವೆ."

ಲೇಖಕರ ಮುಖ್ಯ ಮಾತು ಯಾವುದು?

ಅ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರವೇ ಇರುವುದಿಲ್ಲ.
ಆ. ಬಣ್ಣ ನೋಡಿ ಮೆಣಸಿನಕಾಯಿಯ ಖಾರ ಅಳೆಯಲು ಬರುವುದಿಲ್ಲ.
ಇ. ಬಣ್ಣ ತೆಗೆಯುವ ಕಾರ್ಖಾನೆಗಳು ಬ್ಯಾಡಗಿ ಮೆಣಸಿನಕಾಯಿ ಕೊಳ್ಳುತ್ತವೆ.
ಈ. ಜಿಐ ಟ್ಯಾಗ್ (ಆ ಊರಿನ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತು) ಇರುವುದರಿಂದ ಬ್ಯಾಡಗಿ ಮೆಣಸಿನಕಾಯಿಗೆ ಬೇಡಿಕೆ ಹೆಚ್ಚು.
ಉ. ಮೆಣಸಿನಕಾಯಿಯ ಖಾರ ಕಡಿಮೆಯಾದಷ್ಟೂ ಅದರ ಕೆಂಪು ಹೆಚ್ಚುತ್ತದೆ.

ಹಾವೇರಿ ಜಿಲ್ಲೆಯ ಒಬ್ಬ ಹುಡುಗ ತಡ ಮಾಡದೆ "ಈ" ಅಂದ. "ಸರ, ಇದು ಖರೇನ ಐತಲ್ರೀ. ನಮ್ಮ ಮನ್ಯಾಗ ಮೆಣಸಿನಕಾಯಿ ವ್ಯಾಪಾರನ ಐತ್ರೀ." ನಾನು ವಾದ ಮಾಡಲಿಲ್ಲ. "ಖರೇ ಇರಬಹುದಪ್ಪಾ. ಇದರಾಗ ಎಲ್ಲೈತಿ? ಬೆರಳಿಟ್ಟು ತೋರ್ಸು" ಅಂದೆ. ಅವನ ಬೆರಳು ಮೊದಲ ಸಾಲಿನಿಂದ ಹೊರಟಿತು. ಬ್ಯಾಡಗಿ ಅನ್ನುವ ಪದದ ಮೇಲೆ ನಿಂತಿತು, ಮುಂದೆ ಹೋಯಿತು, ಕಾರ್ಖಾನೆಯ ಹತ್ತಿರ ಮತ್ತೆ ನಿಂತಿತು. ಕೊನೆಯ ಪೂರ್ಣವಿರಾಮ ದಾಟಿ ಹಾಳೆಯ ಖಾಲಿ ಜಾಗಕ್ಕೆ ಬಂತು. ಜಿಐ ಟ್ಯಾಗ್ ಎಲ್ಲೂ ಇರಲಿಲ್ಲ. ಅವನು ತಲೆ ಎತ್ತಿ "ಇಲ್ರೀ ಸರ" ಅಂದ.

ನಾನು ಹೇಳಿಕೊಡುವುದು ಮುಖ್ಯವಾಗಿ ಇದನ್ನೇ. ಸರಿ ಉತ್ತರಕ್ಕೆ ಪ್ಯಾಸೇಜಿನಲ್ಲಿ ಬೆರಳಿಡಲು ಜಾಗ ಇರುತ್ತದೆ. ತಪ್ಪು ಉತ್ತರಕ್ಕೆ ಇರುವುದಿಲ್ಲ, ಅಥವಾ ಬೆರಳಿಟ್ಟ ಜಾಗಕ್ಕೂ ಆಪ್ಷನ್‌ಗೂ ಎಲ್ಲೋ ಒಂದು ಪದ ಹೊಂದುವುದಿಲ್ಲ.

ಉಳಿದವನ್ನೂ ನೋಡಿ. "ಅ" ಆಪ್ಷನ್‌ಗೆ ಬೆರಳಿಡಲು ಜಾಗ ಇದೆ. ಆದರೆ ಅಲ್ಲಿರುವುದು "ಕಡಿಮೆ", ಆಪ್ಷನ್‌ನಲ್ಲಿರುವುದು "ಇರುವುದೇ ಇಲ್ಲ". ಇಷ್ಟು ಸಣ್ಣ ಜಿಗಿತದಲ್ಲೇ ಅಂಕ ಹೋಗುತ್ತದೆ. ಇಂಗ್ಲಿಷಿನಲ್ಲಿ ಆಲ್ವೇಸ್, ನೆವರ್, ಓನ್ಲಿ ಕಂಡಾಗ ನಿಂತು ನೋಡಿ. ಅವು ಇದ್ದ ಮಾತ್ರಕ್ಕೆ ಆಪ್ಷನ್ ತಪ್ಪಲ್ಲ. ಪ್ಯಾಸೇಜ್ ಕೂಡ ಅಷ್ಟೇ ಗಟ್ಟಿಯಾಗಿ ಹೇಳಿದೆಯಾ ಅಂತ ನೋಡಬೇಕು. "ಇ" ಪೂರ್ತಿ ನಿಜ, ಕೊನೆಯ ಸಾಲೇ ಅದು. ಆದರೆ ಕೇಳಿದ್ದು ಮುಖ್ಯ ಮಾತು. ಕಾರ್ಖಾನೆಯ ಸಾಲನ್ನು ಅಳಿಸಿದರೂ ಪ್ಯಾಸೇಜ್ ನಿಲ್ಲುತ್ತದೆ ಅಲ್ವಾ? "ಉ" ತುಂಬ ಜಾಣ ಆಪ್ಷನ್. ಬಣ್ಣಕ್ಕೂ ಖಾರಕ್ಕೂ ಸಂಬಂಧ ಇಲ್ಲ ಅಂತ ಲೇಖಕರು ಹೇಳುತ್ತಿದ್ದರೆ, ಇದು ಅವೆರಡಕ್ಕೂ ಉಲ್ಟಾ ಸಂಬಂಧ ಕಟ್ಟುತ್ತದೆ. ಬ್ಯಾಡಗಿ ಒಂದನ್ನೇ ನೋಡಿದರೆ ಹೌದು ಅನ್ನಿಸಿಬಿಡುತ್ತದೆ. ಉತ್ತರ "ಆ". ಅದರ ಪದಗಳು ಪ್ಯಾಸೇಜಿನಲ್ಲಿ ಹಾಗೇ ಇಲ್ಲ, ಅರ್ಥ ಮಾತ್ರ ಇದೆ. ಜಿಆರ್‌ಇ, ಕ್ಯಾಟ್ ಎರಡರಲ್ಲೂ ಸರಿ ಉತ್ತರ ಹೆಚ್ಚಾಗಿ ಹೀಗೇ ವೇಷ ಬದಲಿಸಿಕೊಂಡು ಬರುತ್ತದೆ. ಪ್ಯಾಸೇಜಿನ ಪದವನ್ನೇ ಎತ್ತಿ ಇಟ್ಟುಕೊಂಡ ಆಪ್ಷನ್ ಕಂಡರೆ ಇನ್ನೊಮ್ಮೆ ಓದಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡು ಉಳಿದಾಗ "ಯಾವುದು ಹೆಚ್ಚು ಸರಿ" ಅಂತ ಕೇಳಿಕೊಳ್ಳಬೇಡಿ. ಹಾಗೆ ಕೇಳಿದರೆ ಮನಸ್ಸು ಎರಡರ ಪರವಾಗಿಯೂ ವಕಾಲತ್ತು ಶುರು ಮಾಡುತ್ತದೆ. ಎರಡನ್ನೂ ಪದ ಪದ ಬಿಡಿಸಿ, ಯಾವ ಪದಕ್ಕೆ ಬೆರಳಿಡಲು ಜಾಗ ಇಲ್ಲ ಅಂತ ಹುಡುಕಿ. ಒಂದು ಪದಕ್ಕೆ ಆಧಾರ ಸಿಗದಿದ್ದರೂ ಇಡೀ ಆಪ್ಷನ್ ಬಿತ್ತು.

ಮೊದಲು ಪ್ಯಾಸೇಜ್ ಓದಬೇಕಾ, ಪ್ರಶ್ನೆ ಓದಬೇಕಾ?

ಪ್ಯಾಸೇಜ್. ಪ್ರಶ್ನೆ ಮೊದಲು ಓದಿ ಯಶಸ್ವಿಯಾದವರೂ ಇದ್ದಾರೆ, ಅವರದು ತಪ್ಪು ಅನ್ನುವುದಿಲ್ಲ. ಆದರೆ ನಾನು ಕಂಡಂತೆ, ಪ್ರಶ್ನೆ ತಲೆಯಲ್ಲಿಟ್ಟುಕೊಂಡವರು ಪ್ಯಾಸೇಜನ್ನು ಓದುವುದಿಲ್ಲ, ಹುಡುಕುತ್ತಾರೆ. ಒಂದು ಪದ ಸಿಕ್ಕ ತಕ್ಷಣ ನಿಂತುಬಿಡುತ್ತಾರೆ. ಅದರ ಮುಂದಿನ ಸಾಲಿನಲ್ಲೇ "ಆದರೆ" ಇರುತ್ತದೆ.

ಕನ್ನಡಕ್ಕೆ ಅನುವಾದ ಮಾಡಿಕೊಂಡು ಓದಬಹುದಾ?

ಸಾಲು ಸಾಲು ಅನುವಾದ ಬೇಡ, ಸಮಯ ಸಾಲುವುದಿಲ್ಲ. ಆದರೆ ಸಾರ ಕನ್ನಡದಲ್ಲಿ ಇಟ್ಟುಕೊಳ್ಳಿ. ನಾನು ಈಗಲೂ ಹಾಗೇ ಮಾಡುತ್ತೇನೆ. ಮೇಲಿನ ಪ್ಯಾಸೇಜ್ ಇಂಗ್ಲಿಷಿನಲ್ಲಿ ಬಂದಿದ್ದರೆ ರಫ್ ಶೀಟಿನಲ್ಲಿ ಇಷ್ಟೇ ಬರೆಯುತ್ತಿದ್ದೆ: "ಮಂದಿ ಅಂತಾರ ಕೆಂಪು ಅಂದ್ರ ಖಾರ. ಅಲ್ಲ. ಎರಡೂ ಬ್ಯಾರೆ. ಉದಾ: ಬ್ಯಾಡಗಿ." ಮನೆ ಮಾತಿನಲ್ಲಿ ಬರೆದದ್ದು ನೆನಪಲ್ಲಿ ಚೆನ್ನಾಗಿ ಕೂರುತ್ತದೆ.

ನಮಗೆ ತೊಡಕಾಗುವುದು ವಾಕ್ಯದ ಕಟ್ಟು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿಯವರೆಗೆ ಕಾಯುವ ರೂಢಿ ನಮ್ಮದು. ಇಂಗ್ಲಿಷಿನಲ್ಲಿ ಯಾರು ಅನ್ನುವುದು ಮೊದಲು ಬಂದು, ಏನು ಮಾಡಿದರು ಅನ್ನುವುದು ಬೇಗ ಬರಬೇಕು. ಆದರೆ ಈ ಪರೀಕ್ಷೆಯ ಪ್ಯಾಸೇಜ್‌ಗಳಲ್ಲಿ ಇವೆರಡರ ನಡುವೆ ಕಾಮಾ ಹಾಕಿ ಎರಡು ಸಾಲು ತುರುಕಿರುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಆ ಎರಡು ಕಾಮಾಗಳ ನಡುವಿನದನ್ನು ಕೈಯಿಂದ ಮುಚ್ಚಿ ಓದಿ. ಯಾರು, ಏನು ಮಾಡಿದರು ಅಷ್ಟು ಸಿಗುತ್ತದೆ. ಆಮೇಲೆ ಕೈ ತೆಗೆದು ಇನ್ನೊಮ್ಮೆ ಓದಿ. ಹದಿನೈದು ದಿನ ಹೀಗೆ ಮಾಡಿದರೆ ಕೈ ಮುಚ್ಚದೆಯೂ ಕಣ್ಣು ಆ ಕೆಲಸ ಮಾಡಲು ಶುರು ಮಾಡುತ್ತದೆ.

'ಇನ್‌ಫರ್' ಅಂತ ಕೇಳುತ್ತಾರೆ. ಅಂದರೆ ಊಹೆ ಮಾಡಬೇಕಾ?

ಊಹೆ ಅಲ್ಲ. ಪ್ಯಾಸೇಜ್ ಬಾಯಿ ಬಿಟ್ಟು ಹೇಳಿಲ್ಲ, ಆದರೆ ಹೇಳಿದ್ದು ನಿಜವಾದರೆ ಇದೂ ನಿಜವಾಗಲೇಬೇಕು. ಅಂಥ ಮಾತು ಬೇಕು.

ಒಂದು ವಾಕ್ಯ ತೆಗೆದುಕೊಳ್ಳಿ: "2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ 1507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದದ್ದು ಎಂಬ ದಾಖಲೆಯನ್ನು ಗೋರಖ್‌ಪುರದಿಂದ ಪಡೆಯಿತು." ಗೋರಖ್‌ಪುರದ ಪ್ಲಾಟ್‌ಫಾರ್ಮ್ 1507 ಮೀಟರ್‌ಗಿಂತ ಚಿಕ್ಕದು ಅನ್ನಬಹುದಾ? ಅನ್ನಬಹುದು, ಇಲ್ಲದಿದ್ದರೆ ದಾಖಲೆ ಕೈ ಬದಲಾಗುತ್ತಿರಲಿಲ್ಲ. ಹುಬ್ಬಳ್ಳಿಗೆ ಗೋರಖ್‌ಪುರಕ್ಕಿಂತ ಜಾಸ್ತಿ ರೈಲು ಬರುತ್ತವೆ ಅನ್ನಬಹುದಾ? ಇಲ್ಲ. ಉದ್ದಕ್ಕೂ ರೈಲುಗಳ ಸಂಖ್ಯೆಗೂ ವಾಕ್ಯ ಗಂಟು ಹಾಕಿಲ್ಲ. ಹುಬ್ಬಳ್ಳಿಯವರು ಈ ಎರಡನೆಯದಕ್ಕೆ ಟಿಕ್ ಹಾಕುವುದನ್ನು ನೋಡಿದ್ದೇನೆ. ಊರಿನ ಮೇಲಿನ ಪ್ರೀತಿ ಅದು. ಪರೀಕ್ಷೆಯಲ್ಲಿ ಅದನ್ನು ಸ್ವಲ್ಪ ಹೊತ್ತು ಹೊರಗೆ ಬಿಟ್ಟು ಬನ್ನಿ.

ಇನ್‌ಫರೆನ್ಸ್ ಉತ್ತರ ಸಾಮಾನ್ಯವಾಗಿ ಸಪ್ಪೆಯಾಗಿ ಕಾಣುತ್ತದೆ. "ಇಷ್ಟೇನಾ?" ಅನ್ನಿಸಿದರೆ ಅದೇ ಸರಿ ಇರುವ ಸಾಧ್ಯತೆ ಜಾಸ್ತಿ.

ಲೇಖಕರು ಈ ಉದಾಹರಣೆ ಯಾಕೆ ಕೊಟ್ಟರು ಅನ್ನುವ ಪ್ರಶ್ನೆ?

ಉದಾಹರಣೆ ಏನು ಹೇಳುತ್ತದೆ ಅನ್ನುವುದಲ್ಲ ಇಲ್ಲಿ ಕೇಳಿದ್ದು, ಅದು ಯಾವ ಕೆಲಸಕ್ಕೆ ಬಂದಿದೆ ಅನ್ನುವುದು. ಉತ್ತರ ಹೆಚ್ಚಾಗಿ ಅದರ ಹಿಂದಿನ ವಾಕ್ಯದಲ್ಲಿರುತ್ತದೆ. ಮೆಣಸಿನಕಾಯಿ ಪ್ಯಾಸೇಜಿನಲ್ಲಿ ಅಡುಗೆಯ ಮಾತನ್ನು ಯಾಕೆ ತಂದರು? ಬಣ್ಣ, ಖಾರ ಬೇರೆ ಬೇರೆ ಅನ್ನುವುದು ಒಲೆಯ ಮುಂದೆಯೂ ಕಾಣುತ್ತದೆ ಅಂತ ತೋರಿಸಲು. ಅಡುಗೆ ಹೇಳಿಕೊಡಲು ಅಲ್ಲ.

ಜಿಆರ್‌ಇಯಲ್ಲಿ ಚೌಕದ ಗುರುತಿರುವ ಮೂರು ಆಪ್ಷನ್ ಬರುತ್ತವಲ್ಲ, ಅದನ್ನು ಹೇಗೆ ಮಾಡಬೇಕು?

ಅದರಲ್ಲಿ ಒಂದು ಸರಿ ಇರಬಹುದು, ಎರಡಿರಬಹುದು, ಮೂರೂ ಇರಬಹುದು. ಸರಿ ಇರುವ ಎಲ್ಲವನ್ನೂ ಆರಿಸಿದರೆ ಮಾತ್ರ ಅಂಕ, ಅರ್ಧ ಅಂಕ ಇಲ್ಲ. ಮೂರನ್ನೂ ಮೂರು ಬೇರೆ ಪ್ರಶ್ನೆ ಅಂತ ತಿಳಿಯಿರಿ. ಒಂದೊಂದಕ್ಕೂ ಹೌದು, ಅಲ್ಲ ಅಂತ ಹೇಳಿಕೊಳ್ಳುತ್ತ ಹೋಗಿ. ಒಂದನ್ನೊಂದು ಹೋಲಿಸಬೇಡಿ.

ಇನ್ನೊಂದು ಬಗೆ, ಪ್ಯಾಸೇಜಿನ ವಾಕ್ಯದ ಮೇಲೇ ಕ್ಲಿಕ್ ಮಾಡುವುದು. ಪ್ರಶ್ನೆ ಕೇಳುವ ಕೆಲಸವನ್ನು ಪೂರ್ತಿ ಮಾಡುವ ವಾಕ್ಯವೇ ಬೇಕು. ಅರ್ಧ ಮಾಡುವ ವಾಕ್ಯ ಪಕ್ಕದಲ್ಲೇ ಕೂತಿರುತ್ತದೆ.

'ಎಕ್ಸೆಪ್ಟ್' (ಇದೊಂದನ್ನು ಬಿಟ್ಟು) ಅಂತ ಇರುವ ಪ್ರಶ್ನೆಯಲ್ಲಿ ಯಾವಾಗಲೂ ತಪ್ಪುತ್ತೇನೆ.

ರಫ್ ಶೀಟಿನಲ್ಲಿ "ಇಲ್ಲದ್ದು ಬೇಕು" ಅಂತ ಬರೆದುಕೊಂಡು ಶುರು ಮಾಡಿ. ಸರಿ ಇರುವುದನ್ನು ಹುಡುಕುವ ರೂಢಿ ಎಷ್ಟು ಗಟ್ಟಿ ಎಂದರೆ, ಮೂರನೇ ಆಪ್ಷನ್ ಹೊತ್ತಿಗೆ ಪ್ರಶ್ನೆಯೇ ಮರೆತಿರುತ್ತದೆ.

ಸಮಯ ಸಾಲುವುದಿಲ್ಲ. ಬೇಗ ಓದುವುದು ಹೇಗೆ?

ಓದುವ ವೇಗಕ್ಕಿಂತ ಮತ್ತೆ ಮತ್ತೆ ಓದುವುದರಲ್ಲೇ ಸಮಯ ಹೋಗುತ್ತದೆ. ಒಮ್ಮೆ ನಿಮ್ಮನ್ನೇ ಗಮನಿಸಿ. ಅರ್ಥವಾಗದೆ ಓಡುತ್ತೀರಿ, ಪ್ರಶ್ನೆ ನೋಡುತ್ತೀರಿ, ತಿರುಗಿ ಮೊದಲಿನಿಂದ ಓದುತ್ತೀರಿ. ಮೊದಲ ಸಲವೇ ನಿಧಾನವಾಗಿ ಓದಿದರೆ ಒಟ್ಟು ಸಮಯ ಕಡಿಮೆಯಾಗುತ್ತದೆ.

ಲೆಕ್ಕ ಹೀಗಿಟ್ಟುಕೊಳ್ಳಿ. ಜಿಆರ್‌ಇಯ ಮೊದಲ ತುಂಡಿನಲ್ಲಿ ಆರು ಪದಗಳ ಪ್ರಶ್ನೆ, ಆರು ಆರ್‌ಸಿ ಬಂದವು ಅನ್ನಿ. ಪದಗಳ ಪ್ರಶ್ನೆಗೆ ಒಂದೊಂದು ನಿಮಿಷ ಕೊಟ್ಟರೆ ಆರ್‌ಸಿಗೆ 12 ನಿಮಿಷ ಉಳಿಯುತ್ತದೆ, ಓದುವುದೂ ಸೇರಿ ತಲಾ ಎರಡು ನಿಮಿಷ. ಕ್ಯಾಟ್‌ನಲ್ಲಿ ಒಂದು ಪ್ಯಾಸೇಜ್ ಮತ್ತು ಅದರ ನಾಲ್ಕು ಪ್ರಶ್ನೆಗೆ ಏಳು ನಿಮಿಷದಂತೆ 28 ನಿಮಿಷ, ಉಳಿದ ಎಂಟು ಪ್ರಶ್ನೆಗೆ 12 ನಿಮಿಷ. ಏಳು ನಿಮಿಷದಲ್ಲಿ ಆಗದವರು ಕಷ್ಟದ ಒಂದು ಪ್ಯಾಸೇಜ್ ಬಿಟ್ಟು ಮೂರನ್ನು ಚೆನ್ನಾಗಿ ಮಾಡಲಿ. ಶುರುವಿನಲ್ಲೇ ನಾಲ್ಕನ್ನೂ ಒಮ್ಮೆ ಕಣ್ಣಾಡಿಸಿ, ಯಾವುದನ್ನು ಕೊನೆಗೆ ಇಡಬೇಕು ಅಂತ ನಿರ್ಧರಿಸಿ.

ಗೊತ್ತಿಲ್ಲದಿದ್ದರೆ ಟಿಕ್ ಹಾಕಬೇಕಾ, ಬಿಡಬೇಕಾ?

ಜಿಆರ್‌ಇಯಲ್ಲಿ ನೆಗೆಟಿವ್ ಅಂಕ ಇಲ್ಲ. ಒಂದನ್ನೂ ಖಾಲಿ ಬಿಡಬೇಡಿ. ಕ್ಯಾಟ್‌ನಲ್ಲಿ ಆರ್‌ಸಿ ಪ್ರಶ್ನೆ ಸರಿಯಾದರೆ 3 ಅಂಕ, ತಪ್ಪಿದರೆ 1 ಹೋಗುತ್ತದೆ. ನಾಲ್ಕು ಆಪ್ಷನ್‌ನಲ್ಲಿ ಎರಡನ್ನು ಖಚಿತವಾಗಿ ಹೊಡೆದು ಹಾಕಿದ್ದರೆ ಟಿಕ್ ಹಾಕಿ. ಅಂಥ ಎರಡು ಪ್ರಶ್ನೆಯಲ್ಲಿ ಒಂದು ಸರಿ, ಒಂದು ತಪ್ಪು ಆದರೂ ಎರಡು ಅಂಕ ಕೈಯಲ್ಲಿರುತ್ತದೆ. ಏನೂ ಗೊತ್ತಿಲ್ಲದೆ ಸುಮ್ನೆ ಹಾಕಿದರೆ ಸರಾಸರಿ ಲಾಭ ಸೊನ್ನೆ.

ಕಷ್ಟದ ಪದ ಬಂದರೆ?

ಅದು ಹೊಗಳಿಕೆಯೋ ತೆಗಳಿಕೆಯೋ, ಹೆಚ್ಚೋ ಕಡಿಮೆಯೋ ಅಷ್ಟು ತಿಳಿದರೆ ಹೆಚ್ಚಿನ ಸಲ ಸಾಕು. ಹೌಎವರ್, ಆಲ್‌ದೋ, ಯೆಟ್ ಇಂಥ ಸಣ್ಣ ಪದಗಳ ಮೇಲೆ ಕಣ್ಣಿಡಿ. ಮಾತು ತಿರುಗುವುದು ಅಲ್ಲೇ, ಪ್ರಶ್ನೆ ಹುಟ್ಟುವುದೂ ಅಲ್ಲೇ. ವಿಜ್ಞಾನದ ಪ್ಯಾಸೇಜಿನಲ್ಲಿ ಉದ್ದದ ಹೆಸರು ಬಂದರೆ ಅದರ ಮೊದಲ ಅಕ್ಷರ ಇಟ್ಟುಕೊಂಡು ಮುಂದೆ ಹೋಗಿ. ಆ ವಿಷಯ ನೀವು ಮೊದಲೇ ಓದಿರಬೇಕು ಅಂತ ಪರೀಕ್ಷೆ ನಿರೀಕ್ಷಿಸುವುದಿಲ್ಲ.

ದಿನಾ ಏನು ಓದಬೇಕು? ದುಡ್ಡು ಎಷ್ಟು ಬೇಕು?

ದುಡ್ಡಿಲ್ಲದೆ ಬಹಳ ದೂರ ಹೋಗಬಹುದು. ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆಯೇ ಪವರ್‌ಪ್ರೆಪ್ ಹೆಸರಿನಲ್ಲಿ ಉಚಿತ ಮಾಕ್ ಟೆಸ್ಟ್ ಕೊಡುತ್ತದೆ. ಮೊದಲು ಅದನ್ನು ಮಾಡಿ. ನಿಜವಾದ ಪ್ರಶ್ನೆಯ ಆಪ್ಷನ್‌ಗಳನ್ನು ತುಂಬ ಯೋಚಿಸಿ ಮಾಡಿರುತ್ತಾರೆ. ಅಲ್ಲಿ ಇಲ್ಲಿ ಸಿಗುವ ನಕಲು ಪ್ರಶ್ನೆಗಳಲ್ಲಿ ಆ ಶಿಸ್ತು ಇರುವುದಿಲ್ಲ, ತಪ್ಪು ರೂಢಿ ಬೀಳುತ್ತದೆ. ಕ್ಯಾಟ್‌ಗೆ ಹಳೆಯ ಪ್ರಶ್ನೆಪತ್ರಿಕೆಗಳೇ ಸಾಕಷ್ಟಿವೆ.

ಇದರ ಜೊತೆ ದಿನಕ್ಕೊಂದು ಇಂಗ್ಲಿಷ್ ಲೇಖನ. ನಿಮಗೆ ಇಷ್ಟವಿಲ್ಲದ ವಿಷಯವನ್ನೇ ಆರಿಸಿ. ಎಂಜಿನಿಯರಿಂಗ್‌ನವರು ಕಲೆ, ಇತಿಹಾಸ ಓದಲಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವವರು ಚಿಗರಿ ಬಸ್ಸಿನಲ್ಲಿ ಕೂತು ಒಂದು ಲೇಖನ ಮುಗಿಸಿ, ಇಳಿಯುವ ಮೊದಲು ಅದರ ಸಾರವನ್ನು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ಹೇಳಲು ಆಗದಿದ್ದರೆ ಮರಳಿ ಹೋಗುವಾಗ ಅದನ್ನೇ ಓದಿ.

ಮಾಕ್ ಮೇಲೆ ಮಾಕ್ ಬರೆದರೂ ಅಂಕ ಏರುತ್ತಿಲ್ಲ. ಯಾಕೆ?

ಮಾಕ್ ಬರೆದು ಸ್ಕೋರ್ ನೋಡಿ ಎದ್ದು ಹೋಗುತ್ತಿದ್ದೀರಿ, ಅದಕ್ಕೆ. ಎರಡು ಗಂಟೆ ಬರೆದರೆ ಮೂರು ಗಂಟೆ ಅದರ ಮುಂದೆ ಕೂರಬೇಕು.

ನೂರು ಪುಟದ ಒಂದು ನೋಟ್‌ಬುಕ್ ಇಡಿ. ತಪ್ಪಾದ ಪ್ರತಿ ಪ್ರಶ್ನೆಗೆ ಮೂರು ಸಾಲು ಬರೆಯಿರಿ. ನಾನು ಯಾವುದನ್ನು ಆರಿಸಿದೆ, ಆಗ ನನ್ನ ತಲೆಯಲ್ಲಿ ಏನಿತ್ತು, ಯಾವ ಪದಕ್ಕೆ ಬೆರಳಿಡಲು ಜಾಗ ಇರಲಿಲ್ಲ. ಎರಡನೇ ಸಾಲು ಬರೆಯುವುದು ಕಷ್ಟ. "ಗಮನ ಕೊಡಲಿಲ್ಲ" ಅಂತ ಬರೆದು ತಪ್ಪಿಸಿಕೊಳ್ಳಬೇಡಿ. ಗದಗಿನ ಒಬ್ಬ ಹುಡುಗಿಯ ನೋಟ್‌ಬುಕ್‌ನಲ್ಲಿ ಒಂದು ಪುಟ ಪೂರ್ತಿ "ಇದು ನಂಗ ಮೊದಲ ಗೊತ್ತಿತ್ತು" ಅನ್ನುವ ಸಾಲೇ ಇತ್ತು. ಅವಳು ಬಿಎಸ್ಸಿ ಬಯಾಲಜಿಯವಳು, ತಪ್ಪಾದದ್ದೆಲ್ಲ ಜೀವವಿಜ್ಞಾನದ ಪ್ಯಾಸೇಜ್‌ಗಳಲ್ಲೇ. ಆ ಪುಟ ನೋಡಿದ ಮೇಲೆ ತನ್ನ ವಿಷಯದ ಪ್ಯಾಸೇಜ್ ಬಂದಾಗ ಇನ್ನೂ ನಿಧಾನ ಓದಲು ಶುರು ಮಾಡಿದಳು. ಊಹೆಯಿಂದ ಸರಿಯಾದ ಪ್ರಶ್ನೆಗಳನ್ನೂ ಇದೇ ಬುಕ್ಕಿನಲ್ಲಿ ಬರೆಯಿರಿ.

ಪರದೆ ಮೇಲೆ ಓದಲು ಆಗುವುದಿಲ್ಲ, ಪ್ರಿಂಟ್ ತೆಗೆದು ಅಭ್ಯಾಸ ಮಾಡಬಹುದಾ?

ಮೊದಲ ಒಂದು ತಿಂಗಳು ಮಾಡಿ. ಆಮೇಲೆ ಕಂಪ್ಯೂಟರ್‌ಗೆ ಬರಲೇಬೇಕು, ಪರೀಕ್ಷೆ ಇರುವುದು ಅದರಲ್ಲೇ. ಫೋನ್ ಸಾಲದು. ಲ್ಯಾಪ್‌ಟಾಪ್ ಇಲ್ಲದವರು ಕಾಲೇಜಿನ ಲ್ಯಾಬ್‌ನಲ್ಲಿ ವಾರಕ್ಕೆರಡು ಸಲ ಕೂರಲು ಅನುಮತಿ ಕೇಳಿ. ಬೆರಳಿನ ಬದಲು ಮೌಸ್‌ನ ಬಾಣವನ್ನು ಸಾಲಿನ ಕೆಳಗೆ ಇಟ್ಟು ಓದುವುದನ್ನು ರೂಢಿ ಮಾಡಿಕೊಳ್ಳಿ.

ಪರೀಕ್ಷೆಯ ಹಿಂದಿನ ದಿನ ಏನು ಮಾಡಬೇಕು?

ಹೊಸ ಪ್ಯಾಸೇಜ್ ಮುಟ್ಟಬೇಡಿ. ಹಿಂದೆ ತಪ್ಪಿ, ಆಮೇಲೆ ಅರ್ಥವಾದ ಎರಡು ಪ್ಯಾಸೇಜ್ ತೆಗೆದು ಓದಿ, ನೋಟ್‌ಬುಕ್ ಒಮ್ಮೆ ತಿರುವಿ. ಗುರುತಿನ ಚೀಟಿಯನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಅದರಲ್ಲಿರುವ ಹೆಸರೂ ರಿಜಿಸ್ಟ್ರೇಷನ್‌ನಲ್ಲಿರುವ ಹೆಸರೂ ಅಕ್ಷರ ಅಕ್ಷರ ಒಂದೇ ಇರಬೇಕು. ನಮ್ಮ ಕಡೆ ಅಡ್ಡಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು ಸಾಮಾನ್ಯ. ಅದನ್ನು ಹಿಂದಿನ ದಿನಕ್ಕೆ ಬಿಡದೆ, ಫಾರ್ಮ್ ತುಂಬುವ ದಿನವೇ ಸರಿ ಮಾಡಿಕೊಳ್ಳಿ.